ಪಿಕಪ್ಪನ್ನು ನೂಕಿ ಕಳಿಸಿದ್ದು

ಯಜಮಾನರು ಬದುಕಿದ್ದ ಕೊನೆಯ ಭಾನುವಾರ ನಾನು ಅವರೊಡನೆ ಜಗಳವಾಡಿದ್ದು ಒಂದು ಟವೆಲಿಗಾಗಿ. ನಾನು ಹೊಸದಾಗಿ ತಂದದ್ದನ್ನು ಅವರು ಪಿಕಪ್ ಒರೆಸಲು ತೆಗೆದುಕೊಂಡಿದ್ದರು. ನಮ್ಮ ಮದುವೆಗೂ ಮುಂಚಿನ ಗಾಡಿ ಅದು. ಪೀಣ್ಯದ ಶೆಡ್ಡುಗಳಿಗೆ ಅಷ್ಟು ವರ್ಷ ಕಬ್ಬಿಣದ ಸಾಮಾನು ಹೊತ್ತಿದ್ದರೂ ಮೈಮೇಲೆ ಒಂದು ಗೀರಿರಲಿಲ್ಲ. "ನನ್ನ ಮುಖ ಯಾವತ್ತಾದ್ರೂ ಇಷ್ಟು ಹತ್ತಿರದಿಂದ ನೋಡಿದ್ದೀರಾ?" ಎಂದೆ. "ನಿನ್ ಮುಖಕ್ಕೆ ಹಚ್ಚೋ ಪೌಡರ್ ಅಂಗಡೀಲಿ ಸಿಗುತ್ತೆ, ಇದ್ರ ಪೇಂಟ್ ಈಗ ಎಲ್ಲೂ ಸಿಗಲ್ಲ ಕಣೆ" ಎಂದರು. ಬುಧವಾರ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದುಃಖದಲ್ಲಿ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ನಾನು ಗಾಡಿ ಒರೆಸಿದೆ. ದಿನಾ ಬೆಳಗ್ಗೆ, ಅದೇ ಟವೆಲಿನಿಂದ, ನಾಲ್ಕು ತಿಂಗಳು. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ನನ್ನ ಮನೆಯ ನೆಲಕ್ಕಿಂತ ಆ ಬಾನೆಟ್ಟೇ ಹೊಳೆಯುತ್ತಿತ್ತು. ಓಡಿಸಲು ನನಗೆ ಬಾರದು, ಮಾರಲೇಬೇಕು. ಆದರೆ ಓಡಿಸುವವರಿಗೇ ಕೊಡಬೇಕೆಂಬುದು ನನ್ನ ಹಟ.

ಮೊದಲು ಬಂದವರು ಸರ್ಜಾಪುರದ ಹೋಟೆಲಿನವರು. "ಹೋಟೆಲ್ ಮುಂದೆ ನಿಲ್ಸಿ, ಹಿಂದೆ ಮಣ್ಣು ತುಂಬಿ ಹೂಗಿಡ ಹಾಕ್ತೀವಿ ಮೇಡಂ, ಸೆಲ್ಫಿಗೆ ಸಕ್ಕತ್ತಾಗಿರುತ್ತೆ" ಎಂದರು. ಮಣ್ಣು ಎಂಬ ಮಾತು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಚಿಕ್ಕಬಾಣಾವರದ ಸೊಪ್ಪು ಬೆಳೆಯುವ ಹಿರಿಯರೊಬ್ಬರು ಬಂದರು. "ದಿನಾ ಮಾರ್ಕೆಟ್ಗೆ ಸೊಪ್ಪು ಆಕ್ಕೊಂಡು ಓಯ್ತೀನಿ ಕಣವ್ವ" ಎಂದರು. ಒಪ್ಪಿದೆ. ಅವರು ಕೀಲಿ ತಿರುಗಿಸಿದರು. ಗಾಡಿ ಉಸಿರೆತ್ತಲಿಲ್ಲ.

"ಕೊನೇ ಸಲ ಸ್ಟಾರ್ಟ್ ಮಾಡಿದ್ದು ಯಾವಾಗವ್ವ?"

"ಅವರು ಹೋಗೋ ಹಿಂದಿನ ದಿನ."

"ಅಯ್ಯೋ, ದಿನಾ ಮುಖ ತೊಳ್ಸಿ ಊಟನೇ ಇಕ್ಕಿಲ್ವಲ್ಲವ್ವ ನೀನು! ವಾರಕ್ಕೊಂದ್ಸಲನಾದ್ರೂ ಇಂಜಿನ್ ಆನ್ ಮಾಡ್ಬೇಕು."

ಒಳಗಿನದನ್ನು ವಿಚಾರಿಸುವ ಬುದ್ಧಿ ನನಗೆ ಯಾವತ್ತೂ ಇರಲಿಲ್ಲ. ಆ ಭಾನುವಾರ ಅವರು ಎರಡು ಸಲ ಎದೆ ಒತ್ತಿಕೊಂಡಿದ್ದನ್ನು ನೋಡಿಯೂ ಟವೆಲಿನ ಮಾತನ್ನೇ ಆಡಿದ್ದೆ.

ಎದುರು ಮನೆಯಲ್ಲಿ ಬಾಡಿಗೆಗಿರುವ ರಾಯಚೂರಿನ ಗಾರೆ ಕೆಲಸದವರು ನೂಕಲು ಬಂದರು. "ನೋಡ್ಕೋತ ನಿಂತ್ರ ಹೆಂಗ್ರಿ ಅಕ್ಕಾರ, ನೀವೂ ಕೈ ಹಚ್ರಿ!" ಎಂದರು. ಹಚ್ಚಿದೆ. ಮೂರನೆಯ ನೂಕಿಗೆ ಇಂಜಿನ್ ಕೆಮ್ಮಿ ಎದ್ದಿತು. ಮತ್ತೆ ನಿಂತೀತೆಂಬ ಭಯಕ್ಕೆ ಹಿರಿಯರು ನಿಲ್ಲಿಸದೆ, ಕಿಟಕಿಯಿಂದ ಕೈಯೆತ್ತಿ ಮುಗಿದು, ತಿರುವಿನಲ್ಲಿ ಮರೆಯಾದರು. "ಭಾಳ ಚಲೋ ನೂಕಿದ್ರಿ!" ಎಂದು ಗಾರೆಯವರು ನನ್ನನ್ನು ಹೊಗಳಿದರು. ಆ ಗಾಡಿಯನ್ನು ನನ್ನ ಸವತಿಯೆಂದು ಬೈಯುತ್ತಲೇ ಕಳೆದ ಇಡೀ ಸಂಸಾರದಲ್ಲಿ ಅದನ್ನು ಮನೆಯಿಂದ ಹೊರಹಾಕಲು ನನ್ನಿಂದ ಆಗಿರಲಿಲ್ಲ. ಆದದ್ದು ಈಗ, ಅದೂ ಅಳುತ್ತ.

ಮೊನ್ನೆ ಹಿರಿಯರು ಫೋನ್ ಮಾಡಿದ್ದರು. ಗಾಡಿ ದಿನಾ ಓಡುತ್ತಿದೆಯಂತೆ, ಒಂದು ದಿನವೂ ಕೈಕೊಟ್ಟಿಲ್ಲವಂತೆ. ಹೇಳೋಣವೆಂದರೆ ಯಜಮಾನರಿಲ್ಲ.