ವೆಂಕಟಗಿರಿಯ ಎರಡನೆಯ ಆಷಾಢ

"ಮಗು ಕೊಡುವವನು ದೇವರೇ ಇರಬಹುದು. ಆದರೆ ಯಾವ ತಿಂಗಳು ಕೊಡಬೇಕೆಂದು ತೀರ್ಮಾನಿಸುವವನು ನಾನು!"

ಗೌರಿಹಬ್ಬದ ಹಿಂದಿನ ದಿನ ವೆಂಕಟಗಿರಿ ಅಡುಗೆಮನೆಯಲ್ಲಿ ನಿಂತು ಹೀಗೆ ಘೋಷಿಸಿದ. ಕೇಳಿಸಿಕೊಂಡದ್ದು ಹೆಂಡತಿ ಯಶೋದ ಮತ್ತು ಒಲೆಯ ಮೇಲಿದ್ದ ಹಾಲು. ಹಾಲು ಉಕ್ಕಿ ಚೆಲ್ಲಿತು.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆ ಕಲ್ಲುಗಳಾಚೆ ಎದ್ದಿದ್ದ ರೇಡಿಯೋ ಕಾರ್ಖಾನೆಯಲ್ಲಿ ಯಶೋದಳಿಗೆ ತಂತಿ ಸುತ್ತುವ ಕೆಲಸ ಸಿಕ್ಕಿತ್ತು. ಮದುವೆಯಾದ ಮೊದಲ ಆಷಾಢಕ್ಕೆ ಅವಳು ತವರಾದ ಹೇರೋಹಳ್ಳಿಗೆ ಹೋಗಿದ್ದಾಗಲೇ ಆರ್ಡರು ಬಂತು. "ಆಷಾಢದಲ್ಲಿ ಹೊಸ ಕೆಲಸವೇ? ಕೂಡದು!" ಎಂದು ಗಂಡ ಹೇಳಿಕಳಿಸಿದ. ಶ್ರಾವಣ ಹುಟ್ಟುತ್ತಲೇ ಹೆಂಡತಿ ಮನೆಗೆ ಬಂದಳು. ಜೊತೆಗೆ ಬೆತ್ತದ ಹಿಡಿಯ ಹೊಸ ಕೊಡೆಯೊಂದನ್ನು ತಂದು ಅವನ ಕೈಗಿತ್ತಳು. ಇನ್ಯಾರು ಕೊಟ್ಟಾರು, ಮಾವನೇ! ಮೋಡವಿಲ್ಲದ ದಿನವೂ ಅದನ್ನು ಬಿಡಿಸಿಕೊಂಡು, "ನಮ್ಮ ಮಾವ ಕೊಟ್ಟದ್ದು" ಎಂದು ಬೀದಿಗೆಲ್ಲ ಸಾರಿದ. ಒಳ್ಳೆಯ ಮುಹೂರ್ತ ನೋಡಿ, ಹೆಂಡತಿಯನ್ನು ಕಾರ್ಖಾನೆಯ ಗೇಟಿಗೆ ಕರೆದೊಯ್ದು, ತೆಂಗಿನಕಾಯಿ ಒಡೆದು ಒಳಗೆ ಕಳಿಸಿದ. ಗೇಟಿನವನು ಯಾಕೋ ವಿಪರೀತ ನಕ್ಕ.

ಆಮೇಲೆ ತಿಳಿಯಿತು ಕಾರ್ಖಾನೆಯ ಕಾನೂನು! ಹೆರಿಗೆಗೆ ಮುಂಚೆ ಒಂಬತ್ತು ತಿಂಗಳು ಪೂರ್ತಿ ದುಡಿದಿದ್ದರೆ ಸಂಬಳ ಸಮೇತ ರಜ. ಇಲ್ಲದಿದ್ದರೆ ಸಂಬಳವೂ ಇಲ್ಲ, ಕೆಲಸವೂ ಇಲ್ಲ. ಯಶೋದಳಿಗೋ ಆ ಕೆಲಸವೆಂದರೆ ಪ್ರಾಣ. ಅದನ್ನು ಉಳಿಸಲು ವೆಂಕಟಗಿರಿ ಸೊಂಟ ಕಟ್ಟಿ ನಿಂತ.

"ದೀಪಾವಳಿ ಕಳೆಯೋವರೆಗೂ ನೀನು ಹೇರೋಹಳ್ಳಿ, ನಾನು ಇಲ್ಲಿ."

"ಆಷಾಢ ಮುಗೀತಲ್ರೀ!"

"ಹೊಸ ಜೋಡೀನ ಆಷಾಢದಲ್ಲಿ ಯಾಕೆ ದೂರ ಇಡ್ತಾರೆ ಹೇಳು? ಚೈತ್ರದ ಬಿಸಿಲಲ್ಲಿ ಬಾಣಂತನ ಬರಬಾರದು ಅಂತ. ಹಿರಿಯರು ಬಿಸಿಲು ನೋಡಿದ್ರು, ನಾನು ಸಂಬಳ ನೋಡ್ತೀನಿ. ಇದು ಎರಡನೇ ಆಷಾಢ!"

"ಅದಲ್ಲಾರೀ, ನಾನೊಂದು ವಿಷಯ ಹೇಳ್ಬೇಕಿತ್ತು..."

"ಪ್ಲಾನ್ ಆದ್ಮೇಲೆ ಮಾತಿಲ್ಲ ಕಣೇ! ನಿಮ್ಮಪ್ಪ ಕೇಳಿದ್ರೂ ಬಾಯಿ ಬಿಡಬೇಡ. ಇದು ಗಂಡ ಹೆಂಡಿರ ಗುಟ್ಟು."

ಯಶೋದ ಬಾಗಿನದ ಮೊರ ಹಿಡಿದು ತವರಿಗೆ ಹೋದಳು. ಅಣ್ಣನ ತರಕಾರಿ ಗಾಡಿಯಲ್ಲಿ ಅಲ್ಲಿಂದಲೇ ಕೆಲಸಕ್ಕೆ ಬಂದು ಹೋಗುತ್ತಿದ್ದಳು. ಗಣಪತಿ ನೀರಿಗೆ ಬಿದ್ದ, ಪಿತೃಪಕ್ಷ ಕಳೆಯಿತು, ಬನ್ನಿ ಹಂಚಿಯೂ ಆಯಿತು. ಮಗಳು ಗಂಡನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ! ಇತ್ತ ವೆಂಕಟಗಿರಿ ಸೀದ ಉಪ್ಪಿಟ್ಟು ತಿನ್ನುತ್ತ ಅವಳ ಖಾಲಿ ಮಣೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ. ಅತ್ತ ಹೇರೋಹಳ್ಳಿಯ ಬಾವಿಕಟ್ಟೆಯಲ್ಲಿ, 'ಗಂಡ ಬಿಟ್ಟವ್ನಂತೆ' ಎಂಬ ಸುದ್ದಿ ಹಬ್ಬಿತು.

ಒಂದು ಭಾನುವಾರ, ಜಿಟಿಜಿಟಿ ಮಳೆ. ಅಂಗಡಿಯಿಂದ ಬಂದ ವೆಂಕಟಗಿರಿ ಕೊಡೆ ಮಡಿಸುವಷ್ಟರಲ್ಲಿ ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು. ಯಶೋದ, ಅವಳ ಅಪ್ಪ ಬೈರಯ್ಯ, ಅಜ್ಜಿ ಅಕ್ಕಯ್ಯಮ್ಮ, ಹಿಂದೆ ಊರಿನ ಇಬ್ಬರು ಯಜಮಾನರು. ನಡುಮನೆಯಲ್ಲೇ ಪಂಚಾಯ್ತಿ ಶುರುವಾಯಿತು.

"ನಮ್ಮುಡ್ಗಿ ಏನ್ ತಪ್ ಮಾಡವ್ಳೆ, ಹೇಳಪ್ಪ," ಎಂದ ಬೈರಯ್ಯ.

"ಏನೂ ಇಲ್ಲ ಮಾವ."

"ಮತ್ ಯಾಕ್ ಬಿಟ್ಟಿದ್ದೀಯ?"

"ಬಿಟ್ಟಿಲ್ಲ ಮಾವ... ಸ್ವಲ್ಪ ದಿನ ಅಲ್ಲಿ ಇಟ್ಟಿದೀನಿ."

"ಇಡಾಕೆ ಅವ್ಳೇನು ಉಪ್ಪಿನಕಾಯಿ ಜಾಡೀನೇನೋ!" ಎಂದು ಅಕ್ಕಯ್ಯಮ್ಮ ಗುಡುಗಿದಳು.

ಹಿರಿಯರೆದುರು ಅಂಥ ಕಾರಣವನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ವೆಂಕಟಗಿರಿ ಬೆವೆತು ತೊಪ್ಪೆಯಾದ. ಯಜಮಾನರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಜ್ಜಿಯ ಕಣ್ಣು ಮೊಮ್ಮಗಳ ಮೇಲೆ ಬಿತ್ತು.

"ಲೇ, ಪಂಚಾಯ್ತಿ ನಿಲ್ಸ್ರೋ! ಇವ್ಳು ಆಗ್ಲಿಂದ ಗೋಡೆ ಸುಣ್ಣ ಕೆರ್ಕೊಂಡು ನೆಕ್ತಾವ್ಳೆ!"

ಎಲ್ಲರೂ ತಿರುಗಿದರು. ಹೊಸ ಮನೆಯ ಗೋಡೆಯಲ್ಲಿ ಅಂಗೈಯಗಲ ಸುಣ್ಣ ಮಾಯವಾಗಿತ್ತು. ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದು ಕಿವಿಯಲ್ಲಿ ಏನೋ ಕೇಳಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಶ್ರಾವಣದ್ದು ಕಣ್ರೋ! ವೈಶಾಖಕ್ಕೆ ಕೂಸು!"

ವೆಂಕಟಗಿರಿ ಸಂತೋಷದಿಂದ ಒಂದು ಸಲ ಕುಣಿದೇಬಿಟ್ಟ. ಕಾಲು ನೆಲಕ್ಕೆ ತಾಗುವ ಮುಂಚೆ ಲೆಕ್ಕ ನೆನಪಾಯಿತು. ಕೆಲಸಕ್ಕೆ ಸೇರಿದ್ದೂ ಶ್ರಾವಣ, ಬಸುರೂ ಶ್ರಾವಣ. ಕೂಸು ನಾಲ್ಕು ದಿನ ಅವಸರ ಮಾಡಿದರೂ ಎಲ್ಲ ಮುಗಿಯಿತು!

"ಅಯ್ಯೋ, ನಿನ್ನ ಕೆಲಸ ಹೋಯ್ತಲ್ಲೇ!" ಎಂದು ಕುಸಿದು ಕುಳಿತ. ಒಂಬತ್ತು ತಿಂಗಳ ಕಾನೂನು, ಎರಡನೆಯ ಆಷಾಢ, ಗಂಡ ಹೆಂಡಿರ ಗುಟ್ಟು ಎಲ್ಲವೂ ಆ ಗಾಬರಿಯಲ್ಲಿ ಪಂಚಾಯ್ತಿಯ ಮುಂದೆ ಹೊರಬಿತ್ತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗ್ಲು ಹಾಕವ್ನೆ ನಮ್ಮಳಿಯ!" ಎಂದ ಬೈರಯ್ಯ.

ಯಶೋದ ಬಾಯಿ ಒರೆಸಿಕೊಂಡು ಗಂಡನ ಪಕ್ಕ ಕುಳಿತಳು. "ಕೆಲಸ ಎಲ್ಲೂ ಹೋಗಲ್ಲ ಬಿಡಿ. ಆರ್ಡರು ಬಂದಾಗ ಕಾರ್ಖಾನೆಯೋರು, ಈಗಲೇ ಬಾ, ಇಲ್ಲಾಂದ್ರೆ ಬೇರೆಯೋರನ್ನ ತಗೋತೀವಿ ಅಂದ್ರು. ನಾನು ಆಷಾಢದಲ್ಲೇ ಸೇರಿಬಿಟ್ಟೆ, ತವರಿಂದಾನೇ. ವೈಶಾಖಕ್ಕೆ ಒಂಬತ್ತು ತಿಂಗಳು ತುಂಬಿ ಮೇಲೊಂದು ತಿಂಗಳು ಇರತ್ತೆ."

"ಮತ್ತೆ ಶ್ರಾವಣದಲ್ಲಿ ನಾನು ಗೇಟಿನ ಮುಂದೆ ಕಾಯಿ ಒಡೆದದ್ದು?"

"ಅಷ್ಟು ಆಸೆಯಿಂದ ಮುಹೂರ್ತ ನೋಡ್ಕೊಂಡು ಬಂದಿದ್ರಿ. ಹೇಳೋಕೆ ಮನಸ್ಸಾಗಲಿಲ್ಲ. ಆಮೇಲೆ ಹೇಳೋಕೆ ಬಂದ್ರೆ ನೀವು ಬಿಡಲಿಲ್ಲ."

"ನಾನು ನಂಬಲ್ಲ! ಆಷಾಢದ ಸಂಬಳ ಎಲ್ಲಿ ಹಾಗಾದ್ರೆ?"

"ನಿಮ್ಮ ಕೈಯಲ್ಲೇ ಇದೆಯಲ್ರೀ."

ವೆಂಕಟಗಿರಿ ಕೈ ನೋಡಿಕೊಂಡ. ಕೈಯಲ್ಲಿ ಬೆತ್ತದ ಹಿಡಿಯ ಕೊಡೆ.

"ಮಾವಾ, ಇದು ನೀವು ಕೊಟ್ಟದ್ದಲ್ವಾ?"

ಬೈರಯ್ಯ ತಲೆಯ ಮೇಲಿನ ಗೋಣಿಕೊಪ್ಪೆ ತೆಗೆದು ನೀರು ಕೊಡವಿದ.

"ಮಳೇಲಿ ನಾನೇ ಗೋಣಿಚೀಲ ಹೊದ್ಕೊಂಡು ಓಡಾಡ್ತೀನಿ. ನಿಂಗೆಲ್ಲಿಂದ ತರ್ಲಪ್ಪಾ ಕೊಡೆ?"