ದಾರೀಲಿ ಸಿಕ್ಕಿದವರು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂದಿದೆ. ಒಂದು ಸಲ ಕನ್ನಡಕ ಒಡೆದಿತ್ತು. ಇನ್ನೊಂದು ಸಲ ಶಾಯಿ ಮುಗಿದಿತ್ತು. ಉಳಿದ ಸಲಗಳಲ್ಲಿ ಕನ್ನಡಕವೂ ಇತ್ತು, ಶಾಯಿಯೂ ಇತ್ತು, ಧೈರ್ಯ ಮುಗಿದಿತ್ತು. ಈಗ ನನ್ನ ವಯಸ್ಸು ಎಲ್ಲಿಗೆ ಬಂದಿದೆಯೆಂದರೆ, ಇನ್ನೂ ಮುಂದಕ್ಕೆ ಹಾಕೋಣವೆಂದರೆ ಮುಂದೆ ಜಾಗವೇ ಉಳಿದಿಲ್ಲ.

ನಮ್ಮ ಭಾವನವರ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕಪ್ಪೆಗಳು ಮನುಷ್ಯರ ಪೈಕಿ ಯಾರನ್ನಾದರೂ ಗುರುತು ಹಿಡಿಯುತ್ತಿದ್ದರೆ ಅದು ಇವರೊಬ್ಬರನ್ನೇ. ಬೇರೆಯವರು ಕೆರೆಯಂಚಿಗೆ ಕಾಲಿಟ್ಟರೆ ಪುಳಕ್ಕನೆ ನೀರಿಗೆ ಹಾರುವ ಕಪ್ಪೆಗಳು, ಭಾವ ಬಂದರೆ ಕೂತಲ್ಲೇ ಕೂತಿರುತ್ತಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ. ಪ್ರಮಾಣ ಮಾಡು ಎಂದರೆ ಮಾತ್ರ ಸ್ವಲ್ಪ ಯೋಚಿಸುತ್ತೇನೆ.

ಭಾವನವರ ಸ್ವಂತ ಜಮೀನು ಪೂರ್ತಿ ಬೆದ್ದಲು. ರಾಗಿ, ಹುರುಳಿ ಬಿಟ್ಟರೆ ಇನ್ನೇನಿಲ್ಲ. ಆ ಹೊಲದಲ್ಲಿ ಒದ್ದೆಯಾಗುತ್ತಿದ್ದುದು ಅವರ ಬೆನ್ನು ಮಾತ್ರ. ಅದಕ್ಕೇ ಇರಬೇಕು, ಊರವರ ಒದ್ದೆ ನೆಲದ ಮೇಲೆ ಅವರಿಗೆ ಅಷ್ಟು ಮೋಹ. ಕೆಲಸ ಒಂದಿಷ್ಟು ಹಗುರವಾದರೆ ಸಾಕು, ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಜಯಮಂಗಲಿ ಹೊಳೆಯ ಬದಿಯ ಗದ್ದೆ, ಜೊಂಡು ಬೆಳೆದ ಕೆರೆಯ ಹಿನ್ನೀರು, ಕೋಡಿಯ ಕೆಳಗಿನ ಕೆಸರು, ಯಾವುದೂ ಆಗಬಹುದು. ಹೊಳೆಯ ಮರಳು ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುತ್ತಿದ್ದರು. ಲೆಕ್ಕ ಹಾಕಿದರೆ, ಸೈಕಲ್ ಭಾವನನ್ನು ಹೊತ್ತದ್ದಕ್ಕಿಂತ ಭಾವ ಸೈಕಲ್ಲನ್ನು ಹೊತ್ತದ್ದೇ ಜಾಸ್ತಿ.

ಒಮ್ಮೆ ಅಕ್ಕ ಉಪ್ಪು ತರಲು ಕೊರಟಗೆರೆ ಸಂತೆಗೆ ಕಳಿಸಿದಳು. ಸಂಜೆಗೆ ಟವೆಲಿನಲ್ಲಿ ಏನನ್ನೋ ಭದ್ರವಾಗಿ ಕಟ್ಟಿಕೊಂಡು ಬಂದರು. ಬಿಚ್ಚಿದರೆ ಹೊಳೆಯ ಹಸಿ ಮರಳು.

"ಉಪ್ಪೆಲ್ಲಿ?" ಎಂದಳು ಅಕ್ಕ.

"ಉಪ್ಪು ಎಲ್ಲಾ ಕಡೆ ಸಿಗ್ತದೆ ಕಣೆ. ಈ ಬ್ಯಾಸ್ಗೇಲಿ ಇಂಥ ತಣ್ಣನೆ ಮರಳು ಸಿಗ್ತದಾ, ಮುಟ್ಟಿ ನೋಡು."

ಅಕ್ಕ ಮುಟ್ಟಿ ನೋಡಿದಳು. "ತಣ್ಣಗೈತೆ. ಇದನ್ನೇ ಸಾರಿಗಾಕ್ತೀನಿ, ಉಣ್ಣಿ" ಎಂದು ಒಳಗೆ ಹೋದಳು.

ಯುದ್ಧದ ಕಾಲದಲ್ಲಿ ಸೈಕಲ್ ಟಯರು, ಟ್ಯೂಬು ಸಿಗುವುದು ಕಷ್ಟವಾಯಿತು. ಭಾವ ಜಗ್ಗಲಿಲ್ಲ. ಟಯರಿನೊಳಗೆ ಒಣಹುಲ್ಲು ತುರುಕಿ, ಮೇಲೆ ಹಗ್ಗ ಸುತ್ತಿದರು. ಒಮ್ಮೆ ಹುಲಿಕುಂಟೆ ಕಡೆ ಸೈಕಲ್ಲನ್ನು ಬೇಲಿಗೆ ಒರಗಿಸಿ ಕೆರೆಗೆ ಇಳಿದಿದ್ದಾರೆ. ತಿರುಗಿ ಬರುವಷ್ಟರಲ್ಲಿ ಒಂದು ಹಸು ಹಿಂದಿನ ಚಕ್ರವನ್ನು ಮೇಯ್ದುಬಿಟ್ಟಿದೆ. ದನ ಕಾಯುವವನು ಹೆದರಿ ಕೈ ಮುಗಿದನಂತೆ. "ಪಾಪ, ತಿನ್ಲಿ ಬುಡು. ಮುಂದಿನ ಚಕ್ರ ಐತಲ್ಲ" ಎಂದು ಭಾವ ಅವನಿಗೇ ಸಮಾಧಾನ ಹೇಳಿ, ಸೈಕಲ್ ಹೊತ್ತು ಮನೆಗೆ ಬಂದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ತಲಪರಿಗೆ. ನಮ್ಮ ಸೀಮೆಯಲ್ಲಿ ಹೊಳೆ ಎಂದರೆ ವರ್ಷದ ಬಹುಪಾಲು ಬರೀ ಮರಳು. ಆದರೆ ಮರಳಿನ ಹೊಟ್ಟೆಯಲ್ಲಿ ನೀರಿರುತ್ತದೆ. ತಗ್ಗು ನೋಡಿ ತೋಡಿದರೆ ಜಿನುಗುತ್ತದೆ. ಅಲ್ಲಿಂದ ಕಾಲುವೆ ತೆಗೆದರೆ ತಾನಾಗಿ ಗದ್ದೆಗೆ ಹರಿಯುತ್ತದೆ. ಅದೇ ತಲಪರಿಗೆ, ಬಾಯಿಮಾತಿನಲ್ಲಿ ಊಟೆ. ವರ್ಷಕ್ಕೊಮ್ಮೆ ಮನೆಗೊಬ್ಬರಂತೆ ಗುದ್ದಲಿ, ಮಂಕರಿ ಹಿಡಿದು ಹೋಗಿ ತುಂಬಿದ ಮರಳನ್ನು ಎತ್ತಬೇಕು. ಇಲ್ಲದಿದ್ದರೆ ಊಟೆ ಕಣ್ಣು ಮುಚ್ಚುತ್ತದೆ. ಪಾವಗಡದ ಕಡೆ ತೆಲುಗು ಬೆರೆತು ಈ ಊಟೆಯೇ 'ಊಟ' ಆಗುತ್ತದೆ. ಈ ಸಂಗತಿಯನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಒಮ್ಮೆ ಭಾವನ ಜೊತೆ ಆ ಕಡೆ ಹೋಗಿದ್ದೆ. ಬೆಳಿಗ್ಗೆ ತಿಂದ ಮುದ್ದೆ ಯಾವಾಗಲೋ ಕರಗಿತ್ತು. ಒಂದು ಊರ ಮುಂದೆ ಭಾವ ಸೈಕಲ್ ನಿಲ್ಲಿಸಿ ಮುದುಕನೊಬ್ಬನನ್ನು ಕೇಳಿದರು: "ತಾತಾ, ಮೀ ಊರ್ಲೋ ಊಟ ಉಂದಾ?"

"ಉಂದಿ ಸಾಮೀ, ಬಾಗುಂದಿ. ರಾಂಡಿ."

ಊಟ ಇದೆ, ಚೆನ್ನಾಗಿದೆ, ಬನ್ನಿ ಎನ್ನುತ್ತಿದ್ದಾನೆ, ಎಂಥ ಧಾರಾಳದ ಜನ ಎಂದುಕೊಂಡೆ. ಕಾದ ಮರಳಿನಲ್ಲಿ ಕಾಲು ಸುಟ್ಟುಕೊಂಡು ಅವನ ಹಿಂದೆ ನಡೆದೆ. ಮನಸ್ಸಿನಲ್ಲಿ ಎಲೆ ಹಾಸಿ, ಅನ್ನದ ಮೇಲೆ ತುಪ್ಪವನ್ನೂ ಬಡಿಸಿಕೊಂಡಾಗಿತ್ತು. ಕೊನೆಗೆ ಮುದುಕ ಒಂದು ಗುಂಡಿಯ ಮುಂದೆ ನಿಂತು ಹೆಮ್ಮೆಯಿಂದ ಕೈ ತೋರಿಸಿದ. ಭಾವ ಮೆಟ್ಟು ಬಿಟ್ಟು ಇಳಿದು, ಬೊಗಸೆಯಲ್ಲಿ ನೀರೆತ್ತಿ ಕುಡಿದರು.

"ಭಾವ, ಊಟ?" ಎಂದೆ.

"ಇದೇ ಕಣ್ಲಾ ಊಟ. ಕುಡ್ದು ನೋಡು, ಹೆಂಗೈತೆ?"

ಕುಡಿದೆ. "ಉಪ್ಪು ಕಮ್ಮಿ" ಎಂದೆ.

ಭಾವ ನಕ್ಕ ನಗುವಿಗೆ ಕಾಲು ಜಾರಿ ಊಟದೊಳಗೇ ಕೂತರು.

ಇಂಥ ಮನುಷ್ಯನನ್ನು ಕಂಡರೆ ನನಗೆ ಪ್ರೀತಿಯಿತ್ತು. ಹೈಸ್ಕೂಲು ಮುಗಿಸಿ, ಗುಮಾಸ್ತನಾಗಿ, ಕೋಟು ಹೊಲಿಸಿಕೊಂಡ ಮೇಲೆ ಪ್ರೀತಿಯ ಜೊತೆಗೆ ನಾಚಿಕೆಯೂ ಸೇರಿಕೊಂಡಿತು. ಅಷ್ಟರಲ್ಲಿ ಪಾವಗಡ ಸೀಮೆಯ ರಾಯಚರ್ಲು ಕಡೆಯ ಒಂದು ಹಳ್ಳಿಯ ಪಟೇಲರ ಮನೆಯಲ್ಲಿ ನನಗೆ ಹೆಣ್ಣು ನೋಡುವ ಮಾತು ಬಂತು. ತಂದೆ ಇರಲಿಲ್ಲ, ಹಿರಿಯರೆಂದು ಚಿಕ್ಕಪ್ಪ, ಭಾವ ಇಬ್ಬರೂ ಬರುವುದೆಂದಾಯಿತು. ನಾನು, ಚಿಕ್ಕಪ್ಪ ಪೆಟ್ರೋಲಿಲ್ಲದ ಆ ದಿನಗಳ ಇದ್ದಿಲಿನ ಬಸ್ಸಿನಲ್ಲಿ ಹೋಗಿ ಗಾಡಿ ಹಿಡಿದೆವು. ಭಾವ ಸೈಕಲ್ಲಿನಲ್ಲಿ ಮೊದಲೇ ಹೊರಟರು. ಕೇಳಿದ್ದಕ್ಕೆ, "ಹೆಣ್ಣು ನೋಡಾಕ್ ಮುಂಚೆ ಊರಿನ ಊಟೆ ನೋಡ್ಬೇಕು ಕಣ್ಲಾ" ಎಂದಿದ್ದರು.

ಪಟೇಲರ ಜಗಲಿಯಲ್ಲಿ ಜಮಖಾನದ ಮೇಲೆ ನಾವು ಗಂಭೀರವಾಗಿ ಕೂತಿದ್ದೆವು. ಒಳಬಾಗಿಲ ಸಂದಿಯಲ್ಲಿ ಬಳೆ ಸದ್ದಾಯಿತು. ಆಗಲೇ ಭಾವ ಬಂದರು. ತೊಡೆಯವರೆಗೆ ಕೆಸರು. ಪಂಚೆ ಮೇಲೆ ಕಟ್ಟಿದೆ. ಹೆಗಲ ಮೇಲೆ ಸೈಕಲ್ಲು, ಅದರ ಚಕ್ರದಿಂದ ಹುಲ್ಲು ಇಣುಕುತ್ತಿದೆ. ಮುಖದಲ್ಲಿ ಮಾತ್ರ, ಏನೋ ಸಿಹಿಸುದ್ದಿ ಹೇಳಲು ಓಡಿಬಂದವರ ಕಳೆ.

ಪಟೇಲರು ನನ್ನ ಕಡೆ ತಿರುಗಿದರು. "ಈಯನ ಎವರು? ಯಾರಿವ್ರು, ನಿಮ್ಮೋರಾ?"

"ಅಲ್ಲ" ಎಂದೆ. "ದಾರೀಲಿ ಸಿಕ್ಕಿದರು. ಹೆಸರು ಗೊತ್ತಿಲ್ಲ."

ಚಿಕ್ಕಪ್ಪನ ಬಾಯಿ ತುಂಬ ಎಲೆಯಡಿಕೆ ಇತ್ತು. ಅವರು ಅದನ್ನು ಉಗುಳುವ ಅವಸರ ಮಾಡಲಿಲ್ಲ.

ಭಾವ ನನ್ನನ್ನು ಒಂದು ಸಲ ನೋಡಿದರು, ನನ್ನ ಕೋಟನ್ನು ಒಂದು ಸಲ ನೋಡಿದರು. "ಊ ಸಾಮಿ, ದಾರೀಲಿ ಸಿಕ್ದೋನು. ಕೊಟ್ಟಿಗೆ ತಾವ ಕುಂತ್ಕಂತೀನಿ, ಒಂದ್ ಚೊಂಬು ನೀರ್ ಕೊಡಿ" ಎಂದು ಹಿಂದಕ್ಕೆ ಹೋದರು. ನಾವು ಒಳಗೆ ಉಪ್ಪಿಟ್ಟು ತಿಂದೆವು. ಅವರಿಗೆ ಕೊಟ್ಟಿಗೆಯ ಬಳಿ ಎಲೆಯಲ್ಲಿ ಕೊಟ್ಟರು.

ವಾಪಸು ಹೊರಡುವಾಗ ಊರಾಚೆ ಗಾಡಿಯ ಪಕ್ಕ ಸೈಕಲ್ ತಳ್ಳಿಕೊಂಡು ಬಂದರು. ಬೈಯುತ್ತಾರೆಂದು ಕಾದೆ. "ಊಟೆಗೆ ಮರಳು ತುಂಬೈತೆ. ಆದ್ರೆ ಜೀವ ಐತೆ, ನೀರು ಸಿಹಿ. ಒಪ್ಕಳ್ಲಾ" ಎಂದರು. ಅಷ್ಟೆ. ಓಡಿಬಂದು ಹೇಳಬೇಕೆಂದಿದ್ದದ್ದು ಅದೇ ಮಾತು.

ಒಪ್ಪಿದೆ. ಮದುವೆ ಆ ಊರಿನಲ್ಲೇ ಆಯಿತು. ಅಕ್ಕ ಒಬ್ಬಳೇ ಬಂದಳು. "ಅವ್ರಿಗೆ ಬರಾಕಾಗಲ್ಲ ಕಣಪ್ಪ" ಎಂದಳು. ಯಾಕೆಂದು ನಾನು ಕೇಳಲಿಲ್ಲ. ಗಂಡಿನ ಭಾವನಾಗಿ ಅವರು ಚಪ್ಪರದೊಳಗೆ ಬಂದಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು.

ಊಟದ ಹೊತ್ತಿಗೆ ಮಾವನವರು ಪಂಕ್ತಿಯ ಉದ್ದಕ್ಕೂ ಉಪಚಾರ ಹೇಳುತ್ತ ನನ್ನ ಎಲೆಯ ಮುಂದೆ ನಿಂತರು. "ಅಡಿಗೆ ಹೆಂಗಿದೆ ಅಳಿಯಂದ್ರೇ? ಎಲ್ಲಾ ಆ ಪುಣ್ಯಾತ್ಮನ ನೀರು. ಆವತ್ತು ನಿಮ್ಗೆ ದಾರೀಲಿ ಸಿಕ್ಕಿದ್ರಲ್ಲ, ದಾರಿಲೋ ದೊರಿಕಿನಾಯನ, ಆ ಸೈಕಲ್ ಆಯನ! ನಮ್ ಊಟ ಮುಚ್ಚೋಗಿತ್ತು, ಮದ್ವೆಗೆ ನೀರೆಲ್ಲಿ ತರೋದು ಅಂತ ತಲೆ ಕೆಟ್ಟಿತ್ತು. ಎಲ್ಲಿಂದಲೋ ಬಂದು, ಮನೆಗೊಬ್ಬರನ್ನ ಎಬ್ಬಿಸ್ಕೊಂಡೋಗಿ ಮರಳೆತ್ತಿಸಿದ್ರು. ಉಣ್ಣಾಕೆ ಕರೆದ್ರೆ ಬರ್ತಿಲ್ಲ, ಅಲ್ಲೇ ಕೂತಿದಾರೆ. ನೀವು ಕರೆದ್ರೆ ಬರ್ತಾರೇನೋ."

ಎದ್ದು ಹೋಗಬಹುದಿತ್ತು. ದೂರವೇನೂ ಇರಲಿಲ್ಲ. ತಮ್ಮನಿಗೆ ತಾನೇ ಬಡಿಸುತ್ತೇನೆಂದು ಹಟ ಹಿಡಿದಿದ್ದ ಅಕ್ಕ, ಸಾರಿನ ಬಕೆಟ್ ಹಿಡಿದು ಎದುರಿಗೇ ನಿಂತಿದ್ದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಸೌಟು ಎತ್ತಿ, "ಸಾರು ಹಾಕ್ಲೇನಪ್ಪ?" ಎಂದಳು.

"ಹಾಕು" ಎಂದೆ.

ಮುಂದೆ ನನ್ನ ಹೆಂಡತಿ ಅಕ್ಕನ ಮನೆಗೆ ಮೊದಲ ಸಲ ಬಂದಾಗ, ಭಾವನನ್ನು ಕಂಡು ಬಾಗಿಲಲ್ಲೇ ನಿಂತಳು. "ಇವರು ದಾರೀಲಿ ಸಿಕ್ಕಿದೋರಲ್ವಾ?" ಎಂದಳು.

"ಊ ಕಣಮ್ಮ" ಎಂದರು ಭಾವ. "ನಿಮ್ ಯಜಮಾನ್ರೂ ನಂಗೆ ದಾರೀಲೇ ಸಿಕ್ಕಿದ್ದು." ಎಲ್ಲರಿಗಿಂತ ಮೊದಲು ಅವರೇ ನಕ್ಕರು. ನಗುವವರ ಹತ್ತಿರ ತಪ್ಪಾಯಿತು ಎನ್ನುವುದು ಹೇಗೆ? ಇನ್ನೊಂದು ದಿನ ಹೇಳೋಣ ಎಂದುಕೊಂಡೆ. ಅವರಿದ್ದಷ್ಟು ಕಾಲ ಇನ್ನೊಂದು ದಿನ ಇದ್ದೇ ಇತ್ತು. ಅವರು ಹೋದ ಮೇಲೆ ಇಲ್ಲವಾಯಿತು.

ಹೆಂಡತಿಯ ಊರಿನಲ್ಲಿ ಈಗಲೂ ಆ ಊಟೆಯನ್ನು 'ದಾರಿಲೋ ದೊರಿಕಿನಾಯನ ಊಟ' ಎನ್ನುತ್ತಾರೆ. ಹೋದಾಗಲೆಲ್ಲ ಮೆಟ್ಟು ಬಿಟ್ಟು ಇಳಿದು ಒಂದು ಬೊಗಸೆ ಕುಡಿಯುತ್ತೇನೆ. ಉಪ್ಪು ಕಮ್ಮಿ ಎಂದು ಹೇಳಬೇಕೆನ್ನಿಸುತ್ತದೆ. ನಗುವವರಿಲ್ಲ.

ಪಟೇಲರು ಆವತ್ತು ಜಗಲಿಯ ಮೇಲೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಅವರು ದಾರೀಲಿ ಸಿಕ್ಕಿದವರಲ್ಲ. ನಮ್ಮವರು. ನಮ್ಮ ಅಕ್ಕನ ಗಂಡ. ಹೆಸರು ಹನುಮಂತರಾಯಪ್ಪ.