ಕೊಸರಿಗೆ ಬಂದ ಮೀನು

ಎರಡು ಸಾವಿರದ ನಾನೂರು ಕೊಟ್ಟೆ. ಗಾಜಿನ ತೊಟ್ಟಿ, ಗಾಳಿಯ ಮೋಟಾರು, ಬಣ್ಣದ ಕಲ್ಲು, ಐದು ಪಟ್ಟೆ ಮೀನು, ಎಲ್ಲ ಸೇರಿ. ಕೊಟ್ಟೂರಿನಲ್ಲಿ ಪಾತ್ರೆ ಮಾರುವವನಿಗೆ ಮೀನು ಯಾಕೆ ಅಂದರೆ, ಮಕ್ಕಳು ಮೀನು ನೋಡುತ್ತ ನಿಂತರೆ ತಾಯಂದಿರು ಇನ್ನೊಂದು ಸುತ್ತು ಪಾತ್ರೆ ನೋಡುತ್ತಾರೆ. ಹಗರಿಬೊಮ್ಮನಹಳ್ಳಿಯ ಮೀನಿನಂಗಡಿಯಲ್ಲಿ ಎತ್ತು ಆರಿಸುವವನ ಗತ್ತಿನಲ್ಲಿ ಗಾಜು ತಟ್ಟಿ, ಮುಂದೆ ನುಗ್ಗಿ ಬಂದ ಐದನ್ನೇ ಹಿಡಿಸಿದೆ. ಮೇಲೊಂದು ಕೊಸರು ಕೇಳಿದೆ. ಬೇಸತ್ತ ಅಂಗಡಿಯವನು ಮೂಲೆಯಲ್ಲಿ ಅಡಗಿದ್ದ ಒಂದನ್ನು ಹಾಕಿ, "ತಗೊಳ್ರಿ ಯಜಮಾನ್ರ, ಇದನ್ನ ಯಾರೂ ಕೇಳಂಗಿಲ್ಲ" ಅಂದ.

ಐದೂ ಮೀನು ಊಟಕ್ಕೆ ತಡವಾದ ಬೀಗರ ಹಾಗೆ ಕಾಳಿಗೆ ನುಗ್ಗುತ್ತಿದ್ದವು. ಕೊಸರಿನದು ಮಾತ್ರ ಕಲ್ಲಿನ ಹಿಂದೆ. ಜಡ್ಡಿನ ಮೀನು ಎಂದು ವಾಪಸು ಕೊಡಲು ಹೊರಟರೆ, ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ಸುಧಾ ತಡೆದಳು. ಅಂಗಡಿಯ ಪುಟ್ಟ ಸ್ಟೀಲ್ ಬಟ್ಟಲೊಂದನ್ನು ತೊಟ್ಟಿಗೆ ಇಳಿಬಿಟ್ಟಳು. ಐದೂ ಬಂದು ಮೂತಿ ತಾಗಿಸಿದವು. ಎಷ್ಟೋ ಹೊತ್ತಾದ ಮೇಲೆ ಆರನೆಯದು ಹೊರಬಂದು, ದೂರದಿಂದಲೇ ಎರಡು ಸುತ್ತು ಹಾಕಿ ಬಟ್ಟಲನ್ನು ನೋಡಿತು.

"ನೋಡಪ್ಪಾ, ಒಂದ ನೀರು, ಒಂದ ಕಾಳು, ಆದ್ರ ಸ್ವಭಾವ ಬ್ಯಾರೆ. ಅಂಜಿಕಿ ಹುಟ್ಟೋ ಜಾಗ ಮೀನಿನ ಮಿದುಳಿನಾಗೂ ಐತಿ, ನಮ್ಮದರಾಗೂ ಐತಿ. ಈ ಜಾತಿ ಮರಿ ಗಾಜಿನಂಗಿರ್ತಾವ, ಸೂಕ್ಷ್ಮದರ್ಶಕದಾಗ ಮಿದುಳು ಕೆಲಸ ಮಾಡೋದು ಹೊರಗಿಂದನ ಕಾಣತೈತಿ. ಮನಷ್ಯಾರು ಯಾಕ ಒಬ್ಬರಂಗ ಒಬ್ಬರಿಲ್ಲ ಅಂತ ತಿಳಿಯಾಕ ಇವನ್ನ ನೋಡ್ತಾರ."

"ಹಂಗಾರ ಇದರ ಮಿದುಳು ರಿಪೇರಿ ಮಾಡಾಕ ಬರತೈತೇನವ್ವಾ?"

"ಕೆಟ್ಟಿದ್ರ ತಾನ ರಿಪೇರಿ! ಹಳ್ಳದಾಗ ಮಿಂಚುಳ್ಳಿ ಬಂದ್ರ ಮುಂದ ನುಗ್ಗಿದ್ದ ಮೊದಲು ಅದರ ಬಾಯಿಗೆ ಹೋಗತೈತಿ."

ಆ ಮಾತು ನನಗೆ ನಾಟಲು ಕಾರಣವಿತ್ತು. ಚಿಗಟೇರಿಯಿಂದ ಬಸ್ಸಿಗೆ ಬರುವ ರೇಣುಕಾಳನ್ನು ಒಂದು ತಿಂಗಳ ಮಟ್ಟಿಗೆ ಕೆಲಸಕ್ಕೆ ಇಟ್ಟುಕೊಂಡಿದ್ದೆ. ಅವಳ ಮನೆ ನಡೆಯುವುದು ಅವಳ ದುಡಿಮೆಯಿಂದಲೇ. ಆದರೆ "ಬರ್ರಿ ಅಕ್ಕಾ" ಎನ್ನಲೂ ಬಾಯಿಲ್ಲ. ಶನಿವಾರ ತಿಂಗಳು ಮುಗಿಯುತ್ತಲೇ, ಇನ್ನು ಬರುವುದು ಬೇಡವೆಂದು ಹೇಳುವವನಿದ್ದೆ. ನಾನಾದರೂ ಹೊಸಹಳ್ಳಿಯ ಕಡೆ ಸೈಕಲ್ಲಿನ ಮೇಲೆ ಪಾತ್ರೆ ಹೇರಿಕೊಂಡು, ಕೂಗಿ ಮಾರಿ ಮೇಲೆ ಬಂದವನು. ಧೈರ್ಯವೂ ಸ್ವಯಾರ್ಜಿತವೆಂದೇ ತಿಳಿದಿದ್ದೆ. ಗಂಟಲು ಹುಟ್ಟಿನಿಂದ ಬಂದದ್ದಾದರೆ, ನಾನು ಇಷ್ಟು ವರ್ಷ ಬೀಗಿದ್ದು ಯಾವುದಕ್ಕೆ?

ಎರಡು ದಿನ ಅವಳನ್ನು ಸುಮ್ಮನೆ ನೋಡಿದೆ. ತೆಲಿಗಿಯ ಹೆಂಗಸೊಬ್ಬಳಿಗೆ ನಮ್ಮ ಹಳೆಯ ಆಳು ಬಸವರಾಜ ಬಾಯಿ ನೋಯುವಷ್ಟು ಮಾತಾಡಿ, ಇದ್ದಬದ್ದ ಕೊಡಗಳನ್ನೆಲ್ಲ ಇಳಿಸಿದ. ಆಕೆ ಚಪ್ಪಲಿ ಮೆಟ್ಟಿದಳು. ರೇಣುಕಾ ಮೆಲ್ಲಗೆ ಒಂದೇ ಕೊಡ ತಂದಿಟ್ಟು, "ನೀವು ಇದನ್ನ ಎರಡು ಸಲ ನೋಡಿದ್ರಿ" ಅಂದಳು. ಅದೇ ಮಾರಿಹೋಯಿತು.

ಶನಿವಾರ ಕರೆದು ಹೇಳಿದೆ: "ಸೋಮವಾರದಿಂದ ಕಾಯಂ ಆಗಿ ಬಾರವ್ವಾ. ಪಗಾರ ಈಗಿನಷ್ಟ."

ಅವಳು ನೆಲ ನೋಡಿದಳು. ಮಾತಿಲ್ಲ. ನನಗೆ ಮೌನ ತಡೆಯಲಾಗುವುದಿಲ್ಲ.

"ಬಸ್ ಚಾರ್ಜ್ ನಂದು."

ಆಗಲೂ ನೆಲವೇ.

"ಆತು, ಮ್ಯಾಲೆ ಐನೂರು!"

"ಬರ್ತೀನ್ರಿ" ಅಂದಳು.

ಹಾಗಾಗಿ ವ್ಯಾಪಾರಸ್ಥರಿಗೆ ಒಂದು ಮಾತು. ಬಾಯಿಲ್ಲದವರು ಕೆಲಸ ಕೇಳಿ ಬಂದರೆ ವಾಪಸು ಕಳಿಸುವ ಮುಂಚೆ ದೂರದಿಂದ ಒಂದು ವಾರ ನೋಡಿ. ಸಂಬಳದ ಮಾತಿಗೆ ಮಾತ್ರ ನೀವು ಕೂರಬೇಡಿ, ಮನೆಯವರನ್ನು ಕೂರಿಸಿ. ನಮ್ಮಲ್ಲಿ ಈಗ ಹಾಗೆಯೇ ಮಾಡಿದ್ದೇವೆ. ಸುಮ್ಮನೆ ಕೂತೇ ಇಪ್ಪತ್ತೆರಡು ವರ್ಷ ನನ್ನಿಂದ ಬೇಕಾದ್ದನ್ನೆಲ್ಲ ತೆಗೆದುಕೊಂಡವಳು ನನ್ನ ಹೆಂಡತಿ. ಅದು ಚೌಕಾಸಿ ಎಂದು ನನಗೆ ಮೊನ್ನೆಯಷ್ಟೇ ಹೊಳೆಯಿತು.